.223 ರೈಫಲ್ಲಿಗೆ ನಾನು ಮದ್ದು ಆರಿಸಿದ್ದು ಹೀಗೆ

ನಾನಿರುವುದು ಅರಿಜೋನಾದಲ್ಲಿ. ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಕೇಸ್‌ಗೆ (ಲೋಹದ ಕೊಳವೆ) ಹೊಸ ಪ್ರೈಮರ್ (ಕಿಡಿ ಹೊತ್ತಿಸುವ ಬಿಲ್ಲೆ), ಮದ್ದು, ಬುಲೆಟ್ ಕೂರಿಸಿಕೊಳ್ಳುವುದು ಇಲ್ಲಿ ಮಾಮೂಲಿ ಹವ್ಯಾಸ. ನಮ್ಮ ಊರಲ್ಲಿ, ಅಂದರೆ ಭಾರತದಲ್ಲಿ, ಲೈಸೆನ್ಸ್ ಇಲ್ಲದೆ ಇದಕ್ಕೆ ಕೈ ಹಾಕಿದರೆ ಆರ್ಮ್ಸ್ ಆ್ಯಕ್ಟ್ ಕೇಸು, ನೆನಪಿರಲಿ.

ನನ್ನದು .223 ರೆಮಿಂಗ್ಟನ್, ಬೋಲ್ಟ್ ರೈಫಲ್, ಗುರಿ ಹೊಡೆಯುವುದಕ್ಕೆ ಮಾತ್ರ. ಮದ್ದು ಕೊಳ್ಳುವಾಗ ಎಲ್ಲರೂ ಕಂಪನಿಯ ಪಟ್ಟಿಯಲ್ಲಿ ಮೊದಲು ನೋಡುವುದು ಬುಲೆಟ್ಟಿನ ವೇಗ. ನಾನು ಆ ಕಾಲಂ ಕೊನೆಗೆ ನೋಡುತ್ತೇನೆ. ಯಾಕೆಂದರೆ ಈ ಕೇಸ್ ಚಿಕ್ಕದು, ಮದ್ದು ಹಿಡಿಯುವುದೇ 25 ಗ್ರೇನ್ (ಮದ್ದು, ಬುಲೆಟ್ ತೂಗುವ ಪುಟ್ಟ ಅಳತೆ) ಆಸುಪಾಸು. .30-06 ಅನ್ನುವ ದೊಡ್ಡ ಗುಂಡಿನಲ್ಲಿ ಅರ್ಧ ಗ್ರೇನ್ ಹೆಚ್ಚುಕಮ್ಮಿ ಆದರೆ ಶೇ 1, ಇದರಲ್ಲಿ ಶೇ 2. ಹಾಗಾಗಿ ಮೆಷರ್‌ನಿಂದ (ಮದ್ದು ಅಳೆದು ಸುರಿಯುವ ಸಾಧನ) ಒಂದೇ ಸಮ ಬೀಳುವ ಮದ್ದು ಬೇಕು. ವಾರ್ಗೆಟ್ ಅನ್ನುವಂಥ ಮದ್ದಿನ ಉದ್ದ ಕಡ್ಡಿ ಕಾಳು ಮೆಷರ್‌ನ ಡ್ರಮ್ಮಿನ ಅಂಚಿಗೆ ಸಿಕ್ಕಿ ಕಟಕ್ ಅಂತ ಮುರಿಯುತ್ತದೆ, ತೂಕ ಏರುಪೇರು. ಎಚ್335 ಅನ್ನುವ ಮದ್ದು ಬಾಲ್ ಪೌಡರ್, ಅಂದರೆ ಗುಂಡು ಕಾಳಿನದು, ರಾಗಿ ಸುರಿದ ಹಾಗೆ ಹರಿಯುತ್ತದೆ. 55 ಗ್ರೇನ್ ಬುಲೆಟ್‌ಗೆ ಬಹಳ ಚೆನ್ನಾಗಿತ್ತು, ಚಳಿಗಾಲದಲ್ಲಿ.

ಫೀನಿಕ್ಸ್ ಕಡೆ ಬೇಸಿಗೆಯಲ್ಲಿ 43 ಡಿಗ್ರಿ ಸೆಲ್ಸಿಯಸ್ ಏನೂ ದೊಡ್ಡದಲ್ಲ. ಮದ್ದು ಬಿಸಿಯಾದರೆ ಒತ್ತಡ ಏರುತ್ತದೆ, ಕೆಲವು ಮದ್ದುಗಳಲ್ಲಿ ಜಾಸ್ತಿನೇ. ಎಚ್335ರದ್ದು ಅದೇ ಲೋಡ್ (ಮದ್ದಿನ ಪ್ರಮಾಣ), ಆದರೆ ಕ್ರೋನೋಗ್ರಾಫ್‌ನಲ್ಲಿ (ವೇಗ ಅಳೆಯುವ ಯಂತ್ರ) ವೇಗ ಮೇಲೆ, ಬೋಲ್ಟ್ ಎತ್ತುವಾಗ ಬಿಗಿ, ಅಂದರೆ ಒತ್ತಡ ಹೆಚ್ಚಾಗಿದೆ. ಅಲ್ಲಿಗೆ ಐಎಂಆರ್ 8208 ಎಕ್ಸ್‌ಬಿಆರ್ ಅನ್ನುವ ಮದ್ದಿಗೆ ಬದಲಾದೆ. ಅದೂ ಕಡ್ಡಿಯೇ, ಆದರೆ ಕಾಳು ತೀರಾ ಸಣ್ಣ, ಮೆಷರ್‌ನಲ್ಲಿ ಸಲೀಸಾಗಿ ಬೀಳುತ್ತದೆ, ಬಿಸಿಲಿಗೂ ಅಷ್ಟಾಗಿ ಜಗ್ಗುವುದಿಲ್ಲ. 69, 77 ಗ್ರೇನ್‌ನ ಭಾರದ ಬುಲೆಟ್‌ಗೆ ಮಾತ್ರ ವಾರ್ಗೆಟ್, ಅವಕ್ಕೆ ನಿಧಾನವಾಗಿ ಉರಿಯುವ ಮದ್ದು ಬೇಕು. ಒಂದೊಂದನ್ನೂ ತಕ್ಕಡಿಗೆ ಹಾಕುತ್ತೇನೆ, ಏನು ಮಾಡುವುದು. ಒಂದು ಲಾಭ ಉಂಟು: ಅದು ಕೇಸ್ ತುಂಬಾ ಬರುವುದರಿಂದ ಎರಡು ಸಲ ಹಾಕಿದರೆ ಹೊರಗೇ ಚೆಲ್ಲುತ್ತದೆ.

ಮದ್ದಿನ ಹೆಸರು ಒಂದೇ ಥರ ಕಂಡರೂ ಎಚ್4895 ಬೇರೆ, ಐಎಂಆರ್ 4895 ಬೇರೆ. ಒಂದರ ಡೇಟಾ ಇನ್ನೊಂದಕ್ಕೆ ಬಳಸುವಂತಿಲ್ಲ. ಬರ್ನ್ ರೇಟ್ ಚಾರ್ಟ್‌ನಲ್ಲಿ (ಯಾವ ಮದ್ದು ಎಷ್ಟು ಬೇಗ ಉರಿಯುತ್ತದೆ ಅನ್ನುವ ಪಟ್ಟಿ) ಪಕ್ಕಪಕ್ಕ ಇವೆ ಅಂತ ಅದಲುಬದಲು ಮಾಡುವವರನ್ನು ಕಂಡರೆ ನನಗೆ ಭಯ. ನನ್ನ ಬೆಂಚಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ, ಶುರು ಯಾವಾಗಲೂ ಮದ್ದಿನ ಕಂಪನಿ ಕೊಟ್ಟ ಕನಿಷ್ಠ ಲೋಡಿನಿಂದ.

ಒಂದು ಪೌಂಡ್ ಅಂದರೆ 7000 ಗ್ರೇನ್, ಹೆಚ್ಚುಕಮ್ಮಿ 280 ಗುಂಡು. ವಾರ್ಗೆಟ್ ಆಸ್ಟ್ರೇಲಿಯಾದಿಂದ ಬರಬೇಕು, ಕೆಲವೊಮ್ಮೆ ತಿಂಗಳುಗಟ್ಟಲೆ ಶೆಲ್ಫ್ ಖಾಲಿ. ಸಿಕ್ಕಾಗ ಒಂದೇ ಲಾಟ್ ನಂಬರಿನ (ಒಂದೇ ಸಲ ತಯಾರಾದ) ಡಬ್ಬಿಗಳನ್ನೇ ನೋಡಿ ತರುತ್ತೇನೆ. ಲಾಟ್ ಬದಲಾದರೆ ಮತ್ತೆ ಕೆಳಗಿನಿಂದ ಶುರು ಮಾಡಬೇಕಲ್ವಾ.