ಖಾಲಿ ಎಂದುಕೊಂಡಿದ್ದ ಪ್ರೋಟೀನ್

ಬ್ಯಾಕ್ಟೀರಿಯಾದ ಆಪ್-ಎ (OppA) ಪ್ರೋಟೀನನ್ನು ನಾನು ಮೊದಲ ಸಲ ಶುದ್ಧೀಕರಿಸಿದಾಗ, ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಜೆಲ್ ಮೇಲೆ ಸುಮಾರು 59 ಕಿಲೊಡಾಲ್ಟನ್ ತೂಕದ ಜಾಗದಲ್ಲಿ ಒಂದೇ ಒಂದು ದಪ್ಪ ಪಟ್ಟಿ ಮೂಡಿತ್ತು. ಇಷ್ಟು ಶುದ್ಧವಾದ ಮಾದರಿ ಸಿಕ್ಕಿತೆಂಬ ಸಮಾಧಾನದಲ್ಲಿ ನೇರವಾಗಿ ಉಷ್ಣಮಾಪನಕ್ಕೆ, ಅಂದರೆ ಅಣುಗಳು ಪರಸ್ಪರ ಬಂಧಿಸಿದಾಗ ಆಗುವ ಶಾಖದ ಬದಲಾವಣೆಯನ್ನು ಅಳೆಯುವ ಪ್ರಯೋಗಕ್ಕೆ, ಇಳಿದೆ. ಸಿರಿಂಜಿನಲ್ಲಿದ್ದ ಟ್ರೈಪೆಪ್ಟೈಡ್ (ಮೂರು ಅಮೈನೋ ಆಮ್ಲಗಳ ಸರಪಳಿ) ಹನಿಹನಿಯಾಗಿ ಪ್ರೋಟೀನ್ ದ್ರಾವಣಕ್ಕೆ ಬೀಳುತ್ತಿತ್ತು. ಪ್ರತಿ ಹನಿಗೂ ಪರದೆಯ ಮೇಲೆ ಎತ್ತರದ ಶಿಖರವೊಂದು ಏಳಬೇಕಾಗಿದ್ದಲ್ಲಿ ಬರಿಯ ಸಣ್ಣ ಕದಲಿಕೆ ಕಂಡು ಗೆರೆ ಮತ್ತೆ ನೆಲಕಚ್ಚುತ್ತಿತ್ತು. ಪೆಪ್ಟೈಡನ್ನು ಬದಲಿಸಿದೆ, ಬಫರ್ ಬದಲಿಸಿದೆ, ಸಾಂದ್ರತೆಗಳನ್ನು ಮತ್ತೆ ಅಳೆದೆ. ಫಲಿತಾಂಶ ಮಾತ್ರ ಬದಲಾಗಲಿಲ್ಲ.

ಈ ಪ್ರೋಟೀನಿನ ಕೆಲಸವನ್ನು ಇಲ್ಲಿ ಹೇಳಬೇಕು. ಈ. ಕೋಲಿ, ಸಾಲ್ಮೊನೆಲ್ಲಾಗಳಂಥ ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾಗಳಿಗೆ ಎರಡು ಪೊರೆಗಳಿರುತ್ತವೆ. ಹೊರಪೊರೆಯ ರಂಧ್ರಗಳ ಮೂಲಕ ನುಸುಳಿ ಬಂದ ಚಿಕ್ಕ ಪೆಪ್ಟೈಡುಗಳನ್ನು ನಡುವಿನ ಜಾಗದಲ್ಲಿ ಆಪ್-ಎ ಹಿಡಿದು, ಒಳಪೊರೆಯಲ್ಲಿರುವ ಸಾಗಣೆ ಯಂತ್ರಕ್ಕೆ ಒಪ್ಪಿಸುತ್ತದೆ. ಆ ಯಂತ್ರ ಎಟಿಪಿಯ ಶಕ್ತಿಯನ್ನು ವ್ಯಯಿಸಿ ಅವನ್ನು ಕೋಶದೊಳಕ್ಕೆ ಎಳೆದುಕೊಳ್ಳುತ್ತದೆ. ಒಳಪೊರೆಯನ್ನು ತಾನಾಗಿ ದಾಟಲಾರದ ಔಷಧವೊಂದನ್ನು ಪೆಪ್ಟೈಡಿಗೆ ಜೋಡಿಸಿದರೆ ಬ್ಯಾಕ್ಟೀರಿಯಾ ಅದನ್ನು ಆಹಾರವೆಂದು ತಾನೇ ಒಳಗೆ ಹೊತ್ತುಕೊಂಡು ಹೋಗುತ್ತದೆ ಎಂಬುದು ನಮ್ಮ ಯೋಜನೆಯ ಆಧಾರ. ಇದೇನೂ ಹೊಸ ಕಲ್ಪನೆಯಲ್ಲ. 1978ರಲ್ಲಿ ವರದಿಯಾದ ಅಲಾಫಾಸ್ಫಾಲಿನ್ ಎಂಬ ಬ್ಯಾಕ್ಟೀರಿಯಾ ನಿರೋಧಕ ಇದೇ ದಾರಿಯನ್ನು ಹಿಡಿದಿತ್ತು: ಒಳಹೊಕ್ಕ ಮೇಲೆ ಪೆಪ್ಟೈಡುಗಳನ್ನು ಕತ್ತರಿಸುವ ಕೋಶದ ಕಿಣ್ವಗಳಾದ ಪೆಪ್ಟಿಡೇಸುಗಳೇ ಅದರ ಅಲನೀನನ್ನು ಕತ್ತರಿಸುತ್ತವೆ, ಬಿಡುಗಡೆಯಾದ ಫಾಸ್ಫೋನೇಟ್ ಅಣು ಅಲನೀನ್ ರೇಸಿಮೇಸ್ ಎಂಬ ಕಿಣ್ವವನ್ನು ತಡೆದು ಕೋಶಭಿತ್ತಿಯ ನಿರ್ಮಾಣವನ್ನೇ ನಿಲ್ಲಿಸುತ್ತದೆ.

ಉಷ್ಣಮಾಪನದ ಒಗಟು ಬಿಡಿಸಿದ್ದು ಸ್ಫಟಿಕ. ನಾವು ಯಾವ ಪೆಪ್ಟೈಡನ್ನೂ ಸೇರಿಸದೆ ಬೆಳೆಸಿದ್ದ ಸ್ಫಟಿಕದ ಎಲೆಕ್ಟ್ರಾನ್ ಸಾಂದ್ರತೆಯ ನಕ್ಷೆಯನ್ನು (ಪರಮಾಣುಗಳು ಎಲ್ಲೆಲ್ಲಿವೆ ಎಂದು ತೋರಿಸುವ ಚಿತ್ರವನ್ನು) ತೆರೆದಾಗ, ಎರಡು ಹಾಲೆಗಳ ನಡುವಿನ ಬಿರುಕಿನಲ್ಲಿ ಪೆಪ್ಟೈಡ್ ಬೆನ್ನೆಲುಬಿನ ಸ್ಪಷ್ಟ ಆಕೃತಿ ಇತ್ತು. ಆದರೆ ಪಾರ್ಶ್ವಸರಪಳಿಗಳು, ಅಂದರೆ ಒಂದು ಅಮೈನೋ ಆಮ್ಲವನ್ನು ಇನ್ನೊಂದರಿಂದ ಬೇರೆಯಾಗಿಸುವ ಕವಲುಗಳು, ಇರಬೇಕಾದ ಕಡೆ ಮಾತ್ರ ಮಂಜು ಕವಿದಂತಿತ್ತು. ಅಂದರೆ ಪ್ರೋಟೀನ್ ತಯಾರಾದ ಕೋಶದ ಪೆಪ್ಟೈಡುಗಳೇ, ಒಂದಲ್ಲ, ಹಲವು ಬಗೆಯವು, ಅಲ್ಲಿ ಕುಳಿತಿದ್ದವು, ಮತ್ತು ಯಾವ ಶುದ್ಧೀಕರಣಕ್ಕೂ ಅವು ಜಗ್ಗಿರಲಿಲ್ಲ. ನಾನು ಹಾಕಿದ ಪೆಪ್ಟೈಡಿಗೆ ಅಲ್ಲಿ ಜಾಗವೇ ಇರಲಿಲ್ಲ. ಜೆಲ್ ತೋರಿಸಿದ್ದು ಪ್ರೋಟೀನಿನ ಶುದ್ಧತೆಯನ್ನೇ ಹೊರತು ಅದರ ಹೊಟ್ಟೆಯಲ್ಲಿದ್ದುದನ್ನಲ್ಲ.

ಪರಿಹಾರಕ್ಕೆ ತಾಳ್ಮೆ ಬೇಕಾಯಿತು. ಪ್ರೋಟೀನ್ ನಿಕ್ಕೆಲ್ ಕಾಲಂಗೆ ಅಂಟಿಕೊಂಡಿರುವಾಗಲೇ 6 ಮೋಲಾರ್ ಗ್ವಾನಿಡೀನ್ ಹೈಡ್ರೋಕ್ಲೋರೈಡ್ ಹರಿಸಿ ಅದರ ಮಡಿಕೆಗಳನ್ನೆಲ್ಲ ಬಿಡಿಸಿ, ಸೆರೆಯಲ್ಲಿದ್ದ ಪೆಪ್ಟೈಡುಗಳು ತೊಳೆದುಹೋಗುವವರೆಗೆ ಕಾದು, ಅನಂತರ ಗ್ವಾನಿಡೀನನ್ನು ಹಂತಹಂತವಾಗಿ ಇಳಿಸುತ್ತ ಪ್ರೋಟೀನ್ ಮತ್ತೆ ಮಡಿಚಿಕೊಳ್ಳಲು ಬಿಟ್ಟೆವು. ಅವಸರ ಮಾಡಿದ ಸಲ ಟ್ಯೂಬಿನ ತಳದಲ್ಲಿ ಬಿಳಿಯ ಗಷ್ಟು ಉಳಿಯಿತು. ನಿಧಾನಿಸಿದ ಸಲ ಪ್ರೋಟೀನ್ ದ್ರಾವಣದಲ್ಲೇ ನಿಂತಿತು, ಮತ್ತು ಉಷ್ಣಮಾಪನದ ಮೊದಲ ಹನಿಗೇ ಶಿಖರ ಎದ್ದಿತು. ಆ ಸಂತೋಷ ನನಗೆ ಇಂದಿಗೂ ಹಸಿರಾಗಿದೆ.

ರಚನೆಯ ಬಗ್ಗೆ ನಾನು ಓದಿದ್ದು ನಿಜವಾಗಿ ಅರ್ಥವಾದದ್ದು ಇದಾದ ಮೇಲೆ. ಆಪ್-ಎಗೆ ಮೂರು ಭಾಗಗಳಿವೆ. ಮೊದಲನೆಯದೂ ಮೂರನೆಯದೂ ಪುಸ್ತಕದ ರಟ್ಟುಗಳಂತೆ ಮುಚ್ಚಿಕೊಂಡು ಪೆಪ್ಟೈಡನ್ನು ಪೂರ್ತಿಯಾಗಿ ಒಳಗೆ ಹುದುಗಿಸಿಕೊಳ್ಳುತ್ತವೆ. ಹಾಗಿದ್ದೂ ಎರಡರಿಂದ ಐದು ಅಮೈನೋ ಆಮ್ಲಗಳ, ಬಹುಮಟ್ಟಿಗೆ ಯಾವುದೇ ಅನುಕ್ರಮದ ಪೆಪ್ಟೈಡನ್ನು ಅದು ಹೇಗೆ ಒಪ್ಪಿಕೊಳ್ಳುತ್ತದೆ ಎಂಬುದಕ್ಕೆ ಸಾಲ್ಮೊನೆಲ್ಲಾದ ಪ್ರೋಟೀನಿನ ಮೇಲೆ ಯಾರ್ಕ್ ವಿಶ್ವವಿದ್ಯಾಲಯದ ತಂಡ 1994ರಲ್ಲಿ ಉತ್ತರ ಕೊಟ್ಟಿತು. ಪ್ರೋಟೀನ್ ಬಿಗಿಯಾಗಿ ಹಿಡಿಯುವುದು ಪೆಪ್ಟೈಡಿನ ಬೆನ್ನೆಲುಬನ್ನೂ ಎರಡು ತುದಿಗಳ ವಿದ್ಯುದಾವೇಶವನ್ನೂ. ಪಾರ್ಶ್ವಸರಪಳಿಗಳು ಮಾತ್ರ ನೀರು ತುಂಬಿದ ವಿಶಾಲ ಗೂಡುಗಳಲ್ಲಿ ಸಡಿಲವಾಗಿರುತ್ತವೆ. ದೊಡ್ಡ ಸರಪಳಿ ಬಂದರೆ ಒಂದಿಷ್ಟು ನೀರಿನ ಅಣುಗಳು ಜಾಗ ಬಿಡುತ್ತವೆ, ಚಿಕ್ಕದು ಬಂದರೆ ಮರಳಿ ತುಂಬಿಕೊಳ್ಳುತ್ತವೆ. ನನ್ನ ನಕ್ಷೆಯ ಮಂಜಿನ ಕಾರಣವೂ ಇದೇ.

ಇದನ್ನು ಮನಸ್ಸಿಗೆ ತಂದುಕೊಳ್ಳುವ ಮೊದಲು ನಾವೊಂದು ತಪ್ಪು ಮಾಡಿಯಾಗಿತ್ತು. ಔಷಧ ಹೊತ್ತ ಪೆಪ್ಟೈಡನ್ನು ಹೊರಗಿನ ಕಿಣ್ವಗಳು ಕತ್ತರಿಸದಿರಲೆಂದು ಅದರ ಅಮೈನೋ ತುದಿಯನ್ನು ಅಸಿಟೈಲ್ ಗುಂಪಿನಿಂದ ಮುಚ್ಚಿದ್ದೆವು. ಆ ತುದಿಯ ಧನ ಆವೇಶವನ್ನು 419ನೆಯ ಆಸ್ಪಾರ್ಟೇಟ್ ಹಿಡಿದುಕೊಳ್ಳಬೇಕು. ಆವೇಶವೇ ಇಲ್ಲದ ಮೇಲೆ ಹಿಡಿಯುವುದಾದರೂ ಏನನ್ನು? ಬಂಧ ಕಾಣಿಸಲೇ ಇಲ್ಲ. ಬಂಧಿಸಿದ್ದರೂ ಕೋಶದೊಳಗಿನ ಅಮೈನೋಪೆಪ್ಟಿಡೇಸುಗಳಿಗೆ ಮುಚ್ಚಿದ ತುದಿಯಿಂದ ಕತ್ತರಿಸಲಾಗದೆ ಔಷಧ ಬಿಡುಗಡೆಯಾಗುತ್ತಿರಲಿಲ್ಲ. ತುದಿಗಳನ್ನು ಮುಟ್ಟದೆ ಮಧ್ಯದ ಪಾರ್ಶ್ವಸರಪಳಿಗೆ ಹೊರೆಯನ್ನು ಸಾಗಿಸಿದ ಮೇಲೆ ಮಾತ್ರ ಅಳೆಯಬಹುದಾದ ಬಂಧ ಸಿಕ್ಕಿತು.

ಬ್ಯಾಕ್ಟೀರಿಯಾಗಳ ಮೇಲೆ ಪರೀಕ್ಷಿಸುವಾಗ ಅವನ್ನು ಬೆಳೆಸುವ ಪೋಷಕ ಮಾಧ್ಯಮದ ಆಯ್ಕೆಯನ್ನು ಲಘುವಾಗಿ ತೆಗೆದುಕೊಳ್ಳಬಾರದು. ಯೀಸ್ಟ್ ಸಾರ, ಟ್ರಿಪ್ಟೋನ್ ಹಾಕಿದ ಸಮೃದ್ಧ ಮಾಧ್ಯಮದಲ್ಲಿ ನಮ್ಮ ಸಂಯುಕ್ತ ಏನೂ ಮಾಡಲಿಲ್ಲ, ಏಕೆಂದರೆ ಆ ಮಾಧ್ಯಮದ ಪೆಪ್ಟೈಡುಗಳೇ ಆಪ್-ಎಯ ಬಾಗಿಲಲ್ಲಿ ಸಾಲುಗಟ್ಟಿ ನಿಂತಿದ್ದವು. ಗ್ಲೂಕೋಸ್ ಮತ್ತು ಲವಣಗಳು ಮಾತ್ರ ಇದ್ದ ಮಾಧ್ಯಮದಲ್ಲಿ ಅದೇ ಸಂಯುಕ್ತ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಬೆಳೆಯದ ಸ್ವಚ್ಛವಾದ ವಲಯವನ್ನು ಬಿಡಿಸಿತು.

ಆದರೆ ಎರಡನೆಯ ದಿನ ಆ ವಲಯದೊಳಗೆ ಸಾಸಿವೆ ಗಾತ್ರದ ಕಾಲೊನಿಗಳು ಎದ್ದಿದ್ದವು. ಅವುಗಳ ಡಿಎನ್ಎ ಓದಿದಾಗ ಆಪ್ ಸಾಗಣೆಯ ಜೀನುಗಳು ಕೆಟ್ಟಿದ್ದು ಕಂಡಿತು. ಈ ಸಾಗಣೆ ಇಲ್ಲದೆಯೂ ಬ್ಯಾಕ್ಟೀರಿಯಾ ಬದುಕಬಲ್ಲದಾದ್ದರಿಂದ, ವಿಷ ಬರುವ ಬಾಗಿಲನ್ನು ಮುಚ್ಚಿಕೊಳ್ಳುವುದು ಅದಕ್ಕೆ ಕಷ್ಟವಲ್ಲ. ಒಂದೇ ಬಾಗಿಲನ್ನು ನಂಬಿದ ಔಷಧಕ್ಕೆ ಭವಿಷ್ಯವಿಲ್ಲವೆಂದು ನನಗೆ ಅನಿಸಿದ್ದು ಆ ತಟ್ಟೆಯನ್ನು ಬೆಳಕಿಗೆ ಹಿಡಿದಾಗ. ಡೈಪೆಪ್ಟೈಡುಗಳನ್ನೇ ಮುಖ್ಯವಾಗಿ ಹಿಡಿಯುವ ಡಿಪ್-ಎ ಎಂಬ ಸೋದರ ಪ್ರೋಟೀನ್ ಇದೆ; ಅದಕ್ಕೊಪ್ಪುವ ಡೈಪೆಪ್ಟೈಡಿಗೂ ಅದೇ ಹೊರೆಯನ್ನು ಜೋಡಿಸಿ, ಎರಡು ಸಂಯುಕ್ತಗಳನ್ನು ಒಟ್ಟಿಗೆ ಹಾಕಿದ ತಟ್ಟೆಗಳಲ್ಲಿ ವಲಯದೊಳಗಿನ ಕಾಲೊನಿಗಳು ಬೆರಳೆಣಿಕೆಗೆ ಇಳಿದವು. ಉಳಿದ ಆ ಕೆಲವನ್ನು ಹೆಕ್ಕಿ, ಅವು ಯಾವ ಬಾಗಿಲನ್ನು ಹೇಗೆ ಮುಚ್ಚಿವೆ ಎಂದು ಈಗ ಒಂದೊಂದಾಗಿ ನೋಡುತ್ತಿದ್ದೇವೆ.