ಕ್ಯಾನ್ಸರ್‌ಗೆ 'ಕರೆಂಟ್' ಕೊಡುವ ಕೆಲಸ ಕಲಿಯಬೇಕಾ? ರೇಡಿಯೋಥೆರಪಿ ಡಿಗ್ರಿ ಓದುವುದು ಹೀಗೆ

"ಕರೆಂಟ್ ಕೊಡ್ತಾರಂತಲ್ರೀ, ಶಾಕ್ ಹೊಡಿತೈತೇನು?"

ರೋಣದ ಕಡೆಯಿಂದ ಬಂದಿದ್ದ ಅಜ್ಜ ಒಬ್ಬರು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು ಕೇಳಿದ್ದು ಇದನ್ನೇ. ಶಾಕ್ ಹೊಡೆಯುವುದಿಲ್ಲ, ಇದು ವಿದ್ಯುತ್ ಅಲ್ಲ, ಕ್ಯಾನ್ಸರ್‌ಗೆ ವಿಕಿರಣದಿಂದ ಕೊಡುವ ಚಿಕಿತ್ಸೆ. ನಮ್ಮ ಕಡೆ ರೇಡಿಯೋಥೆರಪಿ ಅಂದರೆ ಯಾರಿಗೂ ತಿಳಿಯುವುದಿಲ್ಲ, ಕರೆಂಟ್ ಅಂದರೆ ಎಲ್ಲರಿಗೂ ಗೊತ್ತು. ಎಷ್ಟು ಡೋಸ್ ಅಂತ ಬರೆಯುವುದು ಡಾಕ್ಟರು. ಅದು ಯಾವ ದಿಕ್ಕಿನಿಂದ ಹೇಗೆ ಹೋಗಬೇಕು ಅಂತ ಲೆಕ್ಕ ಹಾಕುವುದು ಮೆಡಿಕಲ್ ಫಿಸಿಸಿಸ್ಟ್. ದಿನಾ ರೋಗಿಯನ್ನು ಮಲಗಿಸಿ, ಮಷಿನ್ ಹೊಂದಿಸಿ, ಬಟನ್ ಒತ್ತುವವರು ರೇಡಿಯೋಥೆರಪಿ ಟೆಕ್ನಾಲಜಿಸ್ಟ್. ನಾನು ಮಾಡುವ ಕೆಲಸ ಇದೇ. ಪಿಯುಸಿ ರಿಸಲ್ಟ್ ಬಂದ ವಾರವೇ ಊರಿನ ಹುಡುಗರು, ಹುಡುಗಿಯರು ಫೋನ್ ಮಾಡಿ "ಅಣ್ಣಾ, ಆ ಕೋರ್ಸ್ ಹೆಂಗ?" ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಕೋರ್ಸಿನ ಹೆಸರು ಸರಿಯಾಗಿ ಓದಿ

ಬಿಎಸ್ಸಿ ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ ಬೇರೆ, ಬಿಎಸ್ಸಿ ರೇಡಿಯೋಥೆರಪಿ ಟೆಕ್ನಾಲಜಿ ಬೇರೆ. ಮೊದಲನೆಯದು ಎಕ್ಸ್‌ರೇ, ಸಿಟಿ, ಎಂಆರ್‌ಐ ತೆಗೆಯುವ ಕೆಲಸ. ಎರಡನೆಯದು ವಿಕಿರಣದಿಂದ ಗಡ್ಡೆ ನಾಶ ಮಾಡುವ ಕೆಲಸ. ಎರಡರಲ್ಲೂ 'ರೇಡಿಯೋ' ವಾಸನೆ ಇರುವುದರಿಂದ ಏಜೆಂಟರು "ಎಲ್ಲಾ ಒಂದೇ ತಗೊಳ್ರಿ" ಅಂತ ಸೀಟು ತುಂಬಿಸಿಬಿಡುತ್ತಾರೆ. ಒಂದೇ ಅಲ್ಲ. ಸ್ಕ್ಯಾನಿಂಗ್ ಸೆಂಟರಿಗೆ ಬಂದವರು ಅರ್ಧ ಗಂಟೆಯಲ್ಲಿ ಮನೆಗೆ ಹೋಗುತ್ತಾರೆ. ನಮ್ಮಲ್ಲಿಗೆ ಬಂದವರು ವಾರಕ್ಕೆ ಐದು ದಿನದಂತೆ ಆರೇಳು ವಾರ ಬರುತ್ತಲೇ ಇರುತ್ತಾರೆ, ಅಷ್ಟರಲ್ಲಿ ಅವರ ಮನೆ ಎಮ್ಮೆ ಕರು ಹಾಕಿದ್ದೂ ನಿಮಗೆ ಗೊತ್ತಾಗಿರುತ್ತದೆ.

ಸೇರಲು ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಬೇಕು. ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಅಂತ ಹೇಳಿದರೆ, ಆ ಕಾಲೇಜಿಗೆ ಇದೇ ಕೋರ್ಸಿಗೆ ಈ ವರ್ಷ ಮಾನ್ಯತೆ ಇದೆಯಾ ಅಂತ ವಿಶ್ವವಿದ್ಯಾಲಯದ ಪಟ್ಟಿಯಲ್ಲೇ ನೋಡಿ. ಬೋರ್ಡ್ ಮೇಲೆ ಬರೆದದ್ದನ್ನು ನಂಬಬೇಡಿ. 2021ರಲ್ಲಿ ಇದೂ ಸೇರಿ ಅಲೈಡ್ ಹೆಲ್ತ್ (ಡಾಕ್ಟರ್, ನರ್ಸ್ ಬಿಟ್ಟು ಉಳಿದ ಆರೋಗ್ಯ ಸಿಬ್ಬಂದಿಯ) ಕೋರ್ಸುಗಳಿಗೆಲ್ಲ ಕೇಂದ್ರದ ಹೊಸ ಕಾಯ್ದೆ ಬಂದಿದೆ, ನಿಯಮಗಳು ಬದಲಾಗುತ್ತಾ ಇವೆ. ಹೋದ ವರ್ಷ ಸೇರಿದವರ ಮಾತು ಕೇಳಿ ಸುಮ್ನೆ ಕೂರದೆ, ಈ ವರ್ಷದ ಪ್ರಕಟಣೆಯನ್ನೇ ಓದಿ. ಸ್ಕಾಲರ್‌ಶಿಪ್‌ಗೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್ ಇದೆ. ಜಾತಿ, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ.

ಫೀಸ್ ಕೇಳುವ ಮುಂಚೆ ಮಷಿನ್ ತೋರಿಸಿ ಅನ್ನಿ

ಇದು ನನ್ನ ಹಟದ ಮಾತು. ಕಾಲೇಜಿನ ಬಿಲ್ಡಿಂಗ್, ಲ್ಯಾಬ್, ಹಾಸ್ಟೆಲ್ ಎಲ್ಲ ಆಮೇಲೆ. ರೇಡಿಯೋಥೆರಪಿ ಮಷಿನ್ ಎಲ್ಲಿದೆ, ದಿನಕ್ಕೆ ಎಷ್ಟು ಜನರಿಗೆ ಟ್ರೀಟ್‌ಮೆಂಟ್ ಕೊಡುತ್ತಾರೆ, ಎರಡನೇ ವರ್ಷದಿಂದ ನಮ್ಮನ್ನು ಅಲ್ಲಿ ಬಿಡುತ್ತಾರಾ? ಈ ಮೂರು ಪ್ರಶ್ನೆ ಕೇಳಿ. ಮಷಿನ್ ಇಲ್ಲದ ಕಡೆ ಈ ಡಿಗ್ರಿ ಓದುವುದು ಅಂದರೆ ನೀರಿಲ್ಲದ ಕೆರೆಯಲ್ಲಿ ಈಜು ಕಲಿತ ಹಾಗೆ.

ಎರಡು ತರಹದ ಮಷಿನ್ ನೋಡುತ್ತೀರಿ. ಕೋಬಾಲ್ಟ್ ಮಷಿನ್‌ನಲ್ಲಿ ಕೋಬಾಲ್ಟ್-60 ಅನ್ನುವ ಮೂಲ ಒಳಗೇ ಕೂತಿರುತ್ತದೆ, ಅದು ಹಗಲು ರಾತ್ರಿ ಗಾಮಾ ಕಿರಣ ಬಿಡುತ್ತಲೇ ಇರುತ್ತದೆ, ಸುಮಾರು 5.27 ವರ್ಷಕ್ಕೆ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಇಳಿದಂತೆ ಟ್ರೀಟ್‌ಮೆಂಟ್ ಟೈಮ್ ಜಾಸ್ತಿಯಾಗುತ್ತಾ ಹೋಗುತ್ತದೆ. ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿದ ನಮ್ಮ ದೇಶದ್ದೇ ಭಾಭಾಟ್ರಾನ್ ಈ ಜಾತಿಯದು. ಇನ್ನೊಂದು ಲಿನಾಕ್. ಎಲೆಕ್ಟ್ರಾನ್‌ಗಳನ್ನು ವೇಗವಾಗಿ ಓಡಿಸಿ ಲೋಹದ ಗುರಿಗೆ ಬಡಿದು ಎಕ್ಸ್‌ರೇ ಹುಟ್ಟಿಸುತ್ತದೆ. ಸ್ವಿಚ್ ಆಫ್ ಮಾಡಿದರೆ ಕಿರಣವೂ ಬಂದ್. ಹುಬ್ಬಳ್ಳಿಯಲ್ಲಿ ಚಿಗರಿ ಬಸ್ ಹತ್ತಿ ನವನಗರದಲ್ಲಿ ಇಳಿದರೆ ಕ್ಯಾನ್ಸರ್ ಆಸ್ಪತ್ರೆ ಇದೆ. ಒಂದು ಬೆಳಿಗ್ಗೆ ಹೋಗಿ ಅಲ್ಲಿನ ಬೆಂಚಿನ ಮೇಲೆ ಸುಮ್ನೆ ಕೂತು ಬನ್ನಿ. ಮೂಗಿನಲ್ಲಿ ನಳಿಕೆ ಹಾಕಿಕೊಂಡವರು, ಕುತ್ತಿಗೆ ಕಪ್ಪಾದವರು, ಗುಟ್ಕಾ ತಿಂದು ಬಾಯಿ ತೆರೆಯಲಾಗದ ಮೂವತ್ತರ ಹುಡುಗರು ಕಾಣುತ್ತಾರೆ. ಮನೆಗೆ ಬಂದು ಊಟ ಸೇರಿತಾ? ಸೇರಿದರೆ ಅರ್ಜಿ ಹಾಕಿ.

ಓದು ಶುರುವಾದ ಮೇಲೆ

ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ. ಕನ್ನಡ ಮಾಧ್ಯಮದವರು ಇಲ್ಲೇ ಸೋಲುವುದು. ನಾನು ಮಾಡಿದ್ದು ಇಷ್ಟೇ: ಒಂದು ನೂರು ಪುಟದ ನೋಟ್‌ಬುಕ್‌ನಲ್ಲಿ ಎಡಕ್ಕೆ ಇಂಗ್ಲಿಷ್ ಶಬ್ದ, ಬಲಕ್ಕೆ ನನ್ನ ಭಾಷೆಯಲ್ಲಿ ಅರ್ಥ. ದೀಪಾವಳಿ ಹೊತ್ತಿಗೆ ನೋಟ್‌ಬುಕ್ ತುಂಬಿತ್ತು, ಭಯ ಅರ್ಧ ಹೋಗಿತ್ತು. ಮುಂದೆ ರೇಡಿಯೇಷನ್ ಫಿಸಿಕ್ಸ್ ಬರುತ್ತದೆ. ಅದನ್ನು ಬಾಯಿಪಾಠ ಮಾಡಬೇಡಿ, ದೂರ ಎರಡರಷ್ಟಾದರೆ ವಿಕಿರಣ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ ಅನ್ನುವುದು ಪರೀಕ್ಷೆಗಿಂತ ನಿಮ್ಮ ಮೈಗೇ ಹೆಚ್ಚು ಬೇಕಾದ ಲೆಕ್ಕ.

ನಿಜವಾದ ಕಲಿಕೆ ಪೋಸ್ಟಿಂಗ್‌ನಲ್ಲಿ, ಅಂದರೆ ಆಸ್ಪತ್ರೆಯಲ್ಲಿ ನಿಂತು ಕಲಿಯುವ ದಿನಗಳಲ್ಲಿ. ಬಾಯಿ, ಗಂಟಲು ಕ್ಯಾನ್ಸರ್ ಇದ್ದವರಿಗೆ ಮೊದಲು ತಲೆ ಅಲುಗಾಡದಂತೆ ಹಿಡಿಯುವ ಮಾಸ್ಕ್ ಮಾಡುತ್ತೇವೆ. ಪ್ಲಾಸ್ಟಿಕ್ ಹಾಳೆಯನ್ನು 70 ಡಿಗ್ರಿ ಆಸುಪಾಸಿನ ಬಿಸಿನೀರಿಗೆ ಹಾಕಿದರೆ ಹದವಾದ ಹಿಟ್ಟಿನ ಹಾಗೆ ಮೆತ್ತಗಾಗುತ್ತದೆ. ನೀರು ಒರೆಸಿ, ಬಿಸಿ ನೋಡಿ, ಮುಖದ ಮೇಲೆ ಎಳೆದು, ಮೂಗು, ಗದ್ದ, ಹಣೆಗೆ ಬೆರಳಿನಿಂದ ಒತ್ತಿ ಕೂರಿಸಬೇಕು. ಕೆಲವು ನಿಮಿಷದಲ್ಲಿ ಗಟ್ಟಿ. ಆಮೇಲೆ ಅದನ್ನು ಹಾಕಿಯೇ ಸಿಟಿ ಸ್ಕ್ಯಾನ್, ಅದನ್ನು ಹಾಕಿಯೇ ದಿನದ ಟ್ರೀಟ್‌ಮೆಂಟ್, ಮೊದಲ ದಿನ ಮಲಗಿದ ಹಾಗೇ ಮೂವತ್ತನೇ ದಿನವೂ ಮಲಗಬೇಕು. ಮೀಸೆ ಬೋಳಿಸಿದರೂ ವ್ಯತ್ಯಾಸ ಆಗುತ್ತದೆ. ಬಾಯಿ ಹುಣ್ಣಾಗಿ ಊಟ ಬಿಟ್ಟು ಸೊರಗಿದರೆ ಮಾಸ್ಕ್ ಸಡಿಲ. ಇದನ್ನು ಎಲ್ಲರಿಗಿಂತ ಮೊದಲು ಗಮನಿಸುವವರು ನೀವು, ಡಾಕ್ಟರಿಗೆ ಹೇಳಬೇಕಾದವರೂ ನೀವೇ.

ನಾನು ವಿದ್ಯಾರ್ಥಿಯಾಗಿದ್ದಾಗ ಮಾಡಿದ ತಪ್ಪು ಹೇಳುತ್ತೇನೆ. ಟೇಬಲ್ ಎರಡು ಸೆಂಟಿಮೀಟರ್ ಎಡಕ್ಕೆ ಸರಿಸಬೇಕಿತ್ತು. ನಾನು ರೋಗಿಯ ಕಾಲ ಬಳಿ ಅವರ ಕಡೆ ಮುಖ ಮಾಡಿ ನಿಂತಿದ್ದೆ, ನನ್ನ ಎಡಕ್ಕೆ ಸರಿಸಿದೆ. ಕಾಗದದಲ್ಲಿ ಬರೆದಿದ್ದು ರೋಗಿಯ ಎಡ! ಬೀಮ್ (ಕಿರಣ) ಕೊಡುವ ಮುಂಚೆ ತೆಗೆಯುವ ಇಮೇಜ್‌ನಲ್ಲಿ ಸೀನಿಯರ್ ಅಕ್ಕ ಹಿಡಿದರು, ಏನೂ ಅನಾಹುತ ಆಗಲಿಲ್ಲ. ಬಯ್ಯಲೂ ಇಲ್ಲ. "ಬಾಯಿಬಿಟ್ಟು ಹೇಳಿ ಸರಿಸು" ಅಂದರು, ಅಷ್ಟೇ. ಇವತ್ತಿಗೂ "ಪೇಷಂಟ್ ಲೆಫ್ಟ್" ಅಂತ ಜೋರಾಗಿ ಹೇಳಿಯೇ ಕೈ ಹಾಕುತ್ತೇನೆ.

ಮನೆಯವರ ಹೆದರಿಕೆ

"ಆ ಕಿರಣದಾಗ ಕೆಲಸ ಮಾಡಿದ್ರ ಮಕ್ಕಳಾಗಂಗಿಲ್ಲಂತ" ಅಂತ ನಮ್ಮ ಅವ್ವ ವರ್ಷಗಟ್ಟಲೆ ಅತ್ತಿದ್ದರು. ಬೀಮ್ ಆನ್ ಇದ್ದಾಗ ರೂಮಿನಲ್ಲಿ ರೋಗಿ ಬಿಟ್ಟರೆ ಯಾರೂ ಇರುವುದಿಲ್ಲ. ದಪ್ಪ ಕಾಂಕ್ರೀಟ್ ಗೋಡೆಯ ಆಚೆ ಕೂತು ಕ್ಯಾಮೆರಾದಲ್ಲಿ ನೋಡುತ್ತೇವೆ, ಬಾಗಿಲು ತೆಗೆದರೆ ಮಷಿನ್ ತಾನೇ ನಿಲ್ಲುತ್ತದೆ. ಎದೆಗೆ ಟಿಎಲ್‌ಡಿ ಬ್ಯಾಡ್ಜ್ ಇರುತ್ತದೆ, ನಮ್ಮ ಮೈಗೆ ಎಷ್ಟು ವಿಕಿರಣ ಬಿತ್ತು ಅಂತ ಅಳೆಯುವುದು ಅದೇ, ಮೂರು ತಿಂಗಳಿಗೊಮ್ಮೆ ಅದರ ಲೆಕ್ಕ ಬರುತ್ತದೆ. ಅಣುಶಕ್ತಿ ನಿಯಂತ್ರಣ ಮಂಡಳಿ ನಮ್ಮಂಥವರಿಗೆ ಹಾಕಿರುವ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ಬಿದ್ದ ವಿಕಿರಣದ ಅಳತೆ), ಯಾವ ವರ್ಷವೂ 30 ದಾಟಬಾರದು. ಬ್ಯಾಡ್ಜನ್ನು ಬ್ಯಾಗಿನಲ್ಲಿ ಇಟ್ಟು ಬರುವ ಚಾಳಿ ಮಾತ್ರ ಬೇಡ.

ರೋಗಿಗಳಿಗೂ ಇದೇ ಭಯ. ಮೊಮ್ಮಗುವನ್ನು ಎತ್ತಿಕೊಳ್ಳದೆ ದೂರ ಕೂರುವ ಅಜ್ಜಿಯಂದಿರನ್ನು ನೋಡಿದ್ದೇನೆ. ಹೊರಗಿನ ಮಷಿನ್‌ನಿಂದ ಕೊಟ್ಟ ಕಿರಣ ಮೈಯಲ್ಲಿ ಉಳಿಯುವುದಿಲ್ಲ, ಧಾರಾಳವಾಗಿ ಎತ್ತಿಕೊಳ್ಳಿ ಅಂತ ಅವರ ಭಾಷೆಯಲ್ಲಿ ಹೇಳುವುದೂ ಈ ಕೆಲಸದಲ್ಲೇ ಬರುತ್ತದೆ. ಇನ್ನೊಂದು, ಬಿತ್ತನೆ ಬಂತೆಂದರೆ ಹಾವೇರಿ, ಗದಗ ಕಡೆಯವರು ನಡುವೆಯೇ ಊರಿಗೆ ಹೋಗಿಬಿಡುತ್ತಾರೆ. ಗ್ಯಾಪ್ ಬಿದ್ದರೆ ಗಡ್ಡೆ ಮತ್ತೆ ಬೆಳೆಯಲು ಟೈಮ್ ಸಿಗುತ್ತದೆ. ಗರ್ಭಕೋಶದ ಕೊರಳಿನ ಕ್ಯಾನ್ಸರ್ ಆದರೆ ಒಳಗಿನಿಂದ ಕೊಡುವ ಬ್ರಾಕಿಥೆರಪಿಯೂ ಸೇರಿ ಎಂಟು ವಾರದೊಳಗೆ ಮುಗಿಯಬೇಕು. ಎರಡು ದಿನ ಬರಲಿಲ್ಲ ಅಂದರೆ ಫೋನ್ ಮಾಡಿ ಕರೆಸುವವರೂ ನಾವೇ.

ಕೊನೆಗೆ ಇಂಟರ್ನ್‌ಶಿಪ್. ಆಗುವಷ್ಟು ಬೇರೆ ಬೇರೆ ಮಷಿನ್ ಮೇಲೆ ಕೈ ಆಡಿಸಿ, ಕೆಲಸಕ್ಕೆ ಹೋದಾಗ ಮೊದಲು ಕೇಳುವುದೇ ಅದನ್ನು. ಬ್ರಿಟನ್ನಿಗೆ ಹೋಗುವ ಆಸೆ ಇದ್ದವರು ಅಲ್ಲಿ ಈ ಕೆಲಸಕ್ಕೆ ಎಚ್‌ಸಿಪಿಸಿ ಅನ್ನುವ ನಿಯಂತ್ರಣ ಸಂಸ್ಥೆಯ ನೋಂದಣಿ ಕಡ್ಡಾಯ, ಓದಿದ್ದು, ಪೋಸ್ಟಿಂಗ್ ಮಾಡಿದ್ದು ಎಲ್ಲಕ್ಕೂ ದಾಖಲೆ ಬೇಕಾಗುತ್ತದೆ ಅಂತ ತಿಳಿದಿರಲಿ. ಹಾಗಾಗಿ ಮಾಡಿದ ಕೆಲಸ ಬರೆದಿಡುವ ಲಾಗ್‌ಬುಕ್‌ಗೆ ಪ್ರತಿ ಶನಿವಾರ ಸಹಿ ಹಾಕಿಸಿ. ನಾನು ಕೊನೆಗೆ ಒಟ್ಟಿಗೆ ಹಾಕಿಸಿದರಾಯಿತು ಅಂತ ಬಿಟ್ಟಿದ್ದೆ, ಅಷ್ಟರಲ್ಲಿ ಸಹಿ ಹಾಕಬೇಕಾದ ಸರ್ ವರ್ಗವಾಗಿ ಹೋಗಿದ್ದರು, ಒಂದು ಸಹಿಗಾಗಿ ಬಳ್ಳಾರಿಗೆ ಎರಡು ಸಲ ಬಸ್ ಹತ್ತಿದೆ.