ಮಾಗಿಯ ಎಳೆ ಬಿಸಿಲಲ್ಲಿ ಸೈಕಲ್ ಹತ್ತಿ ಹಕ್ಕಿ ಫೋಟೊ ತೆಗೆಯುವುದು ಹೇಗೆ?

ನಾನು ಮೊದಲೆರಡು ವರ್ಷ ತೆಗೆದ ಹಕ್ಕಿ ಫೋಟೊಗಳಲ್ಲಿ ಮುಕ್ಕಾಲು ಪಾಲು ಬರೀ ಕಪ್ಪು ನೆರಳು. ಹಕ್ಕಿ ಹತ್ತಿರವೇ ಇತ್ತು, ಕ್ಯಾಮೆರಾನೂ ಚೆನ್ನಾಗಿತ್ತು. ನಾನು ನಿಂತಿದ್ದ ದಂಡೆ ಮಾತ್ರ ತಪ್ಪಾಗಿತ್ತು. ಸೂರ್ಯ ಎದುರಿಗಿದ್ದ. ಅದು ಅರ್ಥವಾದ ಮೇಲೆ ನಾನು ಮೊದಲು ಬಿಸಿಲು ಯಾವ ಕಡೆಯಿಂದ ಬರುತ್ತದೆ ಅಂತ ನೋಡಿ, ಆಮೇಲೆ ಸೈಕಲ್ ಹೋಗುವ ದಾರಿ ಗೊತ್ತುಮಾಡುತ್ತೇನೆ.

ಮೈಸೂರಿನ ಸುತ್ತ ಇದಕ್ಕೆ ಡಿಸೆಂಬರ್, ಜನವರಿ ಬಹಳ ಒಳ್ಳೆಯ ಕಾಲ. ಮಳೆ ನಿಂತು ಆಕಾಶ ತಿಳಿಯಾಗಿರುತ್ತದೆ. ಕೆರೆಯಲ್ಲಿ ಇನ್ನೂ ನೀರಿರುತ್ತದೆ. ಉತ್ತರದಿಂದ ಬಂದ ಸೂಜಿಬಾಲದ ಬಾತು, ಸಿಪಿಲೆ, ಗೊರವಗಳು ಆಗಲೇ ಬಂದು ನೆಲೆಸಿರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು ನಮ್ಮ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಬರುತ್ತದೆ. ಹಾರುವಾಗ 7,000 ಮೀಟರ್‌ಗಿಂತ ಮೇಲೂ ಏರಬಲ್ಲ ಹಕ್ಕಿ ಇದು. ಅದು ಕೆರೆ ಅಂಚಿನಲ್ಲಿ ಕುರಿಮಂದೆಯ ಪಕ್ಕ ಹುಲ್ಲು ಮೇಯುವುದನ್ನು ಒಮ್ಮೆ ನೋಡಿದರೆ, ಮುಂದಿನ ಚಳಿಗಾಲಕ್ಕೆ ನೀವೇ ಕಾಯುತ್ತೀರಿ.

ಹಿಂದಿನ ದಿನವೇ ದಾರಿ ಗೊತ್ತುಮಾಡಿ

ಚಳಿಗಾಲದಲ್ಲಿ ಸೂರ್ಯ ನೆಟ್ಟಗೆ ಪೂರ್ವದಲ್ಲಿ ಹುಟ್ಟುವುದಿಲ್ಲ, ಸ್ವಲ್ಪ ದಕ್ಷಿಣಕ್ಕೆ ಸರಿದಿರುತ್ತಾನೆ. ಆದ್ದರಿಂದ ಬೆಳಗಿನ ಹೊತ್ತು ಕೆರೆಯ ಪೂರ್ವ ಅಥವಾ ದಕ್ಷಿಣದ ದಂಡೆಯಲ್ಲಿ ನಿಂತರೆ ಬಿಸಿಲು ನಿಮ್ಮ ಬೆನ್ನಿಗೆ, ಹಕ್ಕಿಯ ಮೈಗೆ. ಮೊಬೈಲಿನ ಮ್ಯಾಪಿನಲ್ಲಿ ಕೆರೆಯ ಆಕಾರ ನೋಡಿ. ಏರಿ ಯಾವ ಕಡೆ ಇದೆ, ತೂಬು ಎಲ್ಲಿದೆ, ಕೋಡಿ ಎಲ್ಲಿ ಹರಿಯುತ್ತದೆ ಅಂತ ಗುರುತು ಮಾಡಿಕೊಳ್ಳಿ. ಕೋಡಿಯ ಹತ್ತಿರ ನೀರು ಆಳವಿಲ್ಲದೆ ಹರಡಿಕೊಂಡಿದ್ದರೆ ಗೊರವ, ಬೆಳ್ಳಕ್ಕಿ, ಚಮಚ ಕೊಕ್ಕು ಸಿಗುವುದು ಹೆಚ್ಚುಕಡಿಮೆ ಖಾತ್ರಿ.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ವರುಣಾ ಕೆರೆ. ಮೈಸೂರಿನಿಂದ ಟಿ. ನರಸೀಪುರ ರಸ್ತೆಯಲ್ಲಿ ಸುಮಾರು 12 ಕಿ.ಮೀ. ಆರಾಮವಾಗಿ ತುಳಿದರೂ ಮುಕ್ಕಾಲು ಗಂಟೆ, ಐವತ್ತು ನಿಮಿಷ ಸಾಕು. ನಗರದೊಳಗೇ ಸಾಕು ಅನ್ನುವವರಿಗೆ ಕುಕ್ಕರಹಳ್ಳಿ, ಲಿಂಗಾಂಬುಧಿ ಇವೆ. ಅಲ್ಲಿನ ದಾರಿ ನಡೆಯುವವರದ್ದು. ಸೈಕಲ್ಲಿಗೆ ಹೊರಗೇ ಬೀಗ ಹಾಕಿ ಒಳಗೆ ಹೋಗಿ.

ದೂರದ ಆಸೆ ಬೇಡ. ಒಂದು ಬೆಳಗ್ಗೆಗೆ ಒಂದು ಕೆರೆ.

ಸೈಕಲ್ಲು, ಚೀಲ

ಗೇರ್ ಇರುವ ದುಬಾರಿ ಸೈಕಲ್ ಬೇಕಿಲ್ಲ. ಸದ್ದು ಮಾಡದ ಸೈಕಲ್ ಬೇಕು. ಚೈನಿಗೆ ಎಣ್ಣೆ ಬಿಡಿ. ಬ್ರೇಕ್ ಕೀಚ್ ಅಂದರೆ ಸರಿ ಮಾಡಿಸಿ. ಮಡ್‌ಗಾರ್ಡ್ ಲಟಲಟ ಅಂದರೆ ಸ್ಕ್ರೂ ಬಿಗಿ ಮಾಡಿ. ಕೆರೆ ಏರಿ ಅಂದ ಮೇಲೆ ಜಾಲಿ ಮುಳ್ಳು ಇದ್ದೇ ಇರುತ್ತದೆ. ಒಂದು ಹೊಸ ಟ್ಯೂಬು, ಚಿಕ್ಕ ಪಂಪು ಚೀಲದಲ್ಲಿರಲಿ. ಹಳ್ಳಿ ರಸ್ತೆಯಲ್ಲಿ ಬೆಳಗ್ಗೆ ಏಳಕ್ಕೆ ಪಂಕ್ಚರ್ ಅಂಗಡಿ ತೆರೆದಿರುವುದಿಲ್ಲ.

ಕ್ಯಾಮೆರಾವನ್ನು ಕ್ಯಾರಿಯರ್ ಮೇಲೆ ಕಟ್ಟಬೇಡಿ, ಮುಂದಿನ ಬುಟ್ಟಿಯಲ್ಲೂ ಇಡಬೇಡಿ. ನಾನು ಒಂದು ಚಳಿಗಾಲ ಪೂರ್ತಿ ಟವೆಲ್ ಸುತ್ತಿ ಕ್ಯಾರಿಯರ್‌ಗೆ ಕಟ್ಟಿಕೊಂಡು ಓಡಾಡಿದೆ. ಗುಂಡಿ ರಸ್ತೆಯ ಕುಲುಕಾಟಕ್ಕೆ ಲೆನ್ಸಿನ ಒಳಗಿನ ಸ್ಕ್ರೂ ಸಡಿಲವಾಗಿ ಫೋಕಸ್ಸೇ ಕೂರದಂತಾಯಿತು. ಬೆನ್ನಿನ ಚೀಲದಲ್ಲಿಟ್ಟರೆ ಮೈಯೇ ಕುಲುಕನ್ನು ತಡೆದುಕೊಳ್ಳುತ್ತದೆ.

ಬಟ್ಟೆ ಮಣ್ಣಿನ ಬಣ್ಣದ್ದೋ ಪಾಚಿ ಹಸಿರೋ ಇರಲಿ. ರಸ್ತೆಯಲ್ಲಿ ಕಾಣಿಸುವುದಕ್ಕೆ ಅದರ ಮೇಲೆ ಹೊಳೆಯುವ ಜಾಕೆಟ್ ಹಾಕಿ, ಏರಿ ಹತ್ತಿರ ತೆಗೆದಿಡಿ. ಕಿವಿ ಮುಚ್ಚುವ ಟೋಪಿ ಹೊರಡುವಾಗ ಬೇಕು ಅನ್ನಿಸುತ್ತದೆ. ಕೆರೆ ಹತ್ತಿರ ಬಂದಾಗ ಅದನ್ನೂ ತೆಗೆಯಿರಿ. ಅರ್ಧ ಹಕ್ಕಿಗಳು ಮೊದಲು ಸಿಗುವುದು ಕಿವಿಗೆ.

ಹೊರಡುವ ಹೊತ್ತು

ಜನವರಿಯಲ್ಲಿ ಮೈಸೂರಿನಲ್ಲಿ ಸೂರ್ಯ ಹುಟ್ಟುವುದು 6.45ರ ಆಸುಪಾಸು. ಆರಕ್ಕೆ ಹೊರಟರೆ ಬೆಳಕಿನ ಜೊತೆಗೇ ಕೆರೆ ಮುಟ್ಟುತ್ತೀರಿ. ಮುಂದೊಂದು ದೀಪ, ಹಿಂದೆ ಮಿನುಗುವ ಕೆಂಪು ದೀಪ ಕಡ್ಡಾಯ. ವರುಣಾ ಕಡೆಗೆ ಹೋಗುವಾಗ ಸೂರ್ಯ ಹುಟ್ಟುವುದು ನಿಮ್ಮ ಎದುರಿಗೇ. ತಡವಾಗಿ ಹೊರಟರೆ ಹಿಂದಿನಿಂದ ಬರುವ ಬಸ್ಸಿನವರ ಕಣ್ಣಿಗೂ ಅದೇ ಬಿಸಿಲು ಹೊಡೆಯುತ್ತಿರುತ್ತದೆ, ನೀವು ಅವರಿಗೆ ಕಾಣುವುದಿಲ್ಲ. ಬೇಗ ಹೊರಡಿ ಅನ್ನುವುದಕ್ಕೆ ನನಗೆ ಇದೇ ದೊಡ್ಡ ಕಾರಣ.

ಇನ್ನೊಂದು ಕಾರಣ ಬೆಳಕು. ಏಳರಿಂದ ಒಂಬತ್ತರವರೆಗೆ ಬಿಸಿಲು ಓರೆಯಾಗಿ, ಹಳದಿಯಾಗಿ ಬೀಳುತ್ತದೆ. ಆಮೇಲೆ ನೆಲ, ನೀರು ಕಾದು ಗಾಳಿ ನಡುಗುವುದಕ್ಕೆ ಶುರುವಾಗುತ್ತದೆ. ದೂರದ ಬಾತು ಎಷ್ಟು ಒಳ್ಳೆ ಲೆನ್ಸಿನಲ್ಲೂ ಕಲಸಿದಂತೆ ಬರುತ್ತದೆ.

ಹಕ್ಕಿಯ ಹತ್ತಿರ ಹೋಗುವುದು

ಸೈಕಲ್ ಓಡುತ್ತಿರುವಷ್ಟು ಹೊತ್ತು ತಂತಿ ಮೇಲಿನ ಕಾಜಾಣ, ನೀಲಕಂಠ ನಿಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ದಿನಾ ನೂರು ಸೈಕಲ್ ನೋಡಿದ ಹಕ್ಕಿಗಳು ಅವು. ನೀವು ಬ್ರೇಕ್ ಹಾಕಿ, ಕಾಲು ಊರಿ, ಮುಖ ಎತ್ತಿ ನೋಡಿದ ಕೂಡಲೇ ಹಾರುತ್ತವೆ. ಅದಕ್ಕೇ ಹಕ್ಕಿ ಕಂಡಲ್ಲಿ ನಿಲ್ಲಬೇಡಿ. ಅದೇ ವೇಗದಲ್ಲಿ ಮುಂದೆ ಹೋಗಿ 30–40 ಮೀಟರ್ ದಾಟಿ ಇಳಿಯಿರಿ. ಸೈಕಲ್ಲನ್ನು ಸ್ಟ್ಯಾಂಡ್ ಹಾಕದೆ ಮರಕ್ಕೆ ಒರಗಿಸಿ, ಸ್ಟ್ಯಾಂಡಿನ ಟಕ್ ಸದ್ದು ಸಾಕು ಹೆದರಿಸುವುದಕ್ಕೆ. ಆಮೇಲೆ ನೇರವಾಗಿ ಹಕ್ಕಿ ಕಡೆ ನಡೆಯದೆ ಓರೆಯಾಗಿ, ಬೇರೆಲ್ಲಿಗೋ ಹೋಗುವವರ ಹಾಗೆ ಬನ್ನಿ. ಹತ್ತು ಹೆಜ್ಜೆಗೊಮ್ಮೆ ನಿಲ್ಲಿ. ಹಕ್ಕಿ ಕತ್ತು ಉದ್ದ ಮಾಡಿದರೆ ಅಥವಾ ಮೇಯುವುದನ್ನು ನಿಲ್ಲಿಸಿದರೆ, ಅಷ್ಟೇ ಹತ್ತಿರ ಸಾಕು ಅಂತ ಅರ್ಥ.

ಕಲಿಯುವುದಕ್ಕೆ ನನ್ನ ಮೆಚ್ಚಿನ ಹಕ್ಕಿ ಕಳ್ಳಿಪೀರ. ಹಸಿರು ಮೈ, ಬಾಲದ ನಡುವೆ ಕಡ್ಡಿಯಂತೆ ಚಾಚಿದ ಗರಿ. ಚಳಿಯ ಬೆಳಗ್ಗೆ ನಾಲ್ಕೈದು ಸೇರಿ ಒಂದೇ ತಂತಿಯ ಮೇಲೆ ಮೈಗೆ ಮೈ ಒತ್ತಿ ಬಿಸಿಲು ಕಾಯುತ್ತಾ ಕೂತಿರುತ್ತವೆ. ಬಿಸಿಲು ಏರಿದಂತೆ ಒಂದೊಂದಾಗಿ ಹಾರಿ, ಹುಳ ಹಿಡಿದು, ಸಾಮಾನ್ಯವಾಗಿ ಅದೇ ಜಾಗಕ್ಕೆ ಬಂದು ಕೂರುತ್ತವೆ. ಖಾಲಿಯಾದ ಆ ಜಾಗಕ್ಕೆ ಫೋಕಸ್ ಮಾಡಿಟ್ಟು ಸುಮ್ನೆ ಕಾಯಿರಿ. ಹಕ್ಕಿಯೇ ನಿಮ್ಮ ಚೌಕಟ್ಟಿನೊಳಗೆ ಬರುತ್ತದೆ. ಹಾರುವ ಫೋಟೊ ಬೇಕು ಅಂದರೆ ಕಪ್ಪು ಬಿಳಿ ಮಿಂಚುಳ್ಳಿ. ಮೀನಿಗಾಗಿ ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಲ್ಲುತ್ತದೆ, ಫೋಕಸ್ ಮಾಡುವುದಕ್ಕೆ ಸಮಯ ಕೊಡುತ್ತದೆ. ನೀರುಕಾಗೆ, ಹಾವಕ್ಕಿ ಮುಳುಗಿ ಎದ್ದು ಒದ್ದೆ ರೆಕ್ಕೆ ಹರಡಿಕೊಂಡು ಒಣಗಿಸುತ್ತಾ ಬಂಡೆ ಮೇಲೆ ಬಹಳ ಹೊತ್ತು ಕೂತಿರುತ್ತವೆ. ಅವುಗಳ ಮುಂದೆ ಆತುರವೇ ಬೇಡ.

ಹೊಲದ ಬದುವಿನ ಮೇಲೆ ಹೋಗಬೇಕಾದರೆ ಕೇಳಿಕೊಂಡೇ ಹೋಗಿ. “ಅಣ್ಣಾ, ಈ ಕಡೆಯಿಂದ ಹೋಗ್ಬೋದಾ? ಹಕ್ಕಿ ಫೋಟೊ ತೆಗೀಬೇಕಿತ್ತು” ಅಂದರೆ ಬೇಡ ಅಂದವರು ನನಗೆ ಇದುವರೆಗೆ ಸಿಕ್ಕಿಲ್ಲ. “ಅಲ್ನೋಡಿ, ಆ ಕಡೆ ಜಾಸ್ತಿ ಇರ್ತವೆ” ಅಂತ ಜಾಗ ತೋರಿಸಿದವರೇ ಹೆಚ್ಚು.

ಕ್ಯಾಮೆರಾದಲ್ಲಿ ಏನೇನು

300 ಎಂ.ಎಂ. ಲೆನ್ಸ್ ಅಥವಾ ಜೂಮ್ ಜಾಸ್ತಿ ಇರುವ ಒಂದೇ ತುಂಡಿನ ಕ್ಯಾಮೆರಾ ಸಾಕು. ಕೂತ ಹಕ್ಕಿಗೆ ಶಟರ್ ಸ್ಪೀಡ್ ಸೆಕೆಂಡಿನ 500ನೇ ಒಂದು ಭಾಗ, ಹಾರುವುದಕ್ಕೆ 2,000ನೇ ಒಂದು ಭಾಗ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಆಟೊದಲ್ಲಿ ಬಿಡಿ. ಬೆಳ್ಳಕ್ಕಿಯ ಹಿಂದೆ ಕಡುಬಣ್ಣವಿದ್ದರೆ ಎಕ್ಸ್‌ಪೋಶರ್ (ಫೋಟೊಗೆ ಬೀಳುವ ಬೆಳಕು) ಸ್ವಲ್ಪ ಇಳಿಸಿ, ಇಲ್ಲದಿದ್ದರೆ ಗರಿಯೆಲ್ಲ ಸುಣ್ಣ ಬಳಿದಂತೆ ಆಗುತ್ತದೆ. ಕಾಜಾಣಕ್ಕೆ ಸ್ವಲ್ಪ ಏರಿಸಿ. ಫೋಕಸ್ ಕಣ್ಣಿನ ಮೇಲಿರಲಿ. ನೀರಿನ ಹಕ್ಕಿಗೆ ಮಂಡಿಯೂರಿ, ಅದರ ಕಣ್ಣಿನ ಮಟ್ಟಕ್ಕೆ ಇಳಿಯಿರಿ.

ಮೊಬೈಲ್ ಮಾತ್ರ ಇದ್ದವರು ಜೂಮ್ ಮಾಡಬೇಡಿ. ಮಂಜು, ಏರಿ, ನೀರು, ದೂರದಲ್ಲೊಂದು ಹೆಜ್ಜಾರ್ಲೆ (ಪೆಲಿಕನ್), ಎಲ್ಲವನ್ನೂ ಒಂದೇ ಫೋಟೊದಲ್ಲಿ ಹಿಡಿಯಿರಿ. ಅದೂ ಚೆಂದವೇ.

ಒಂದು ಮಾತು ಬಿಡದೆ ಹೇಳಬೇಕು. ಚಳಿಗಾಲ ಅಂದರೆ ಕೆಲವು ಹಕ್ಕಿಗಳಿಗೆ ಗೂಡಿನ ಕಾಲವೂ ಹೌದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಊರಿನವರು ಅವನ್ನು ಮನೆಮಂದಿಯಂತೆ ಕಾಯುತ್ತಾರೆ. ಅಲ್ಲಿ ಹೋಗಿ ಮರದ ಬುಡದಲ್ಲಿ ಗಲಾಟೆ ಮಾಡುವುದು, ಹಕ್ಕಿ ಹಾರಲಿ ಅಂತ ಚಪ್ಪಾಳೆ ತಟ್ಟುವುದು, ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯುವುದು ಬೇಡವೇ ಬೇಡ. ತಾಯಿ ಎದ್ದು ಹೋದ ಹತ್ತು ನಿಮಿಷದಲ್ಲಿ ಕಾಗೆ ಮೊಟ್ಟೆ ಎತ್ತಿಕೊಂಡು ಹೋಗುತ್ತದೆ.

ಮನೆಗೆ ಬಂದ ಮೇಲೆ

ಒಂಬತ್ತೂವರೆಗೆ ವಾಪಸ್ ಹೊರಡಿ. ದಾರಿಯಲ್ಲಿ ಅವರೆಕಾಳಿನ ಉಪ್ಪಿಟ್ಟು ಸಿಕ್ಕರೆ ನಿಲ್ಲಿ, ಸೊಗಡಿನ ಅವರೆ ಸಿಗುವುದೂ ಈ ದಿನಗಳಲ್ಲೇ. ಅವತ್ತೇ ಕೂತು ಹಕ್ಕಿಗಳ ಹೆಸರು, ಎಷ್ಟಿದ್ದವು, ಯಾವ ಕೆರೆ ಅಂತ ಬರೆದಿಡಿ. ಇ-ಬರ್ಡ್ ಆ್ಯಪಿಗೆ ಹಾಕಿದರೆ ಹಕ್ಕಿ ಎಣಿಸುವವರಿಗೂ ಉಪಯೋಗ. ಚೆನ್ನಾಗಿ ಬಂದ ಐದು ಫೋಟೊ ಇಟ್ಟುಕೊಂಡು ಉಳಿದದ್ದನ್ನು ಅಳಿಸಿ.

ಸೈಕಲ್ ಒಳಗಿಡುವ ಮೊದಲು ಎರಡೂ ಟಯರ್ ನಿಧಾನವಾಗಿ ತಿರುಗಿಸಿ ನೋಡಿ. ತುದಿ ಮುರಿದ ಜಾಲಿ ಮುಳ್ಳು ರಬ್ಬರಿನಲ್ಲಿ ಕೂತಿದ್ದರೆ ಚಿಮಟದಿಂದ ಕಿತ್ತುಹಾಕಿ. ಹಾಗೇ ಬಿಟ್ಟರೆ ಅದು ವಾರವಿಡೀ ಒಳಗೆ ಇಳಿಯುತ್ತದೆ, ಮುಂದಿನ ಭಾನುವಾರ ಬೆಳಗಿನ ಜಾವ ನೋಡಿದರೆ ಟಯರ್‌ನಲ್ಲಿ ಗಾಳಿ ಇರುವುದಿಲ್ಲ.